ಗುಂಪು ಕಲಿಕೆ, ಒಂದು ಮೊಬೈಲ್, ಹತ್ತನೆಯ ನಂತರದ ದಾರಿ: ಒಂಬತ್ತನೇ ತರಗತಿಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಗುಂಪು ಕಲಿಕೆ, ತರಗತಿಯಲ್ಲಿ ತಂತ್ರಜ್ಞಾನ, ವೃತ್ತಿ ಮಾರ್ಗದರ್ಶನ: ತರಬೇತಿಗಳಲ್ಲಿ ಈ ಮೂರೂ ಬೇರೆ ಬೇರೆ ದಿನ, ಬೇರೆ ಬೇರೆ ಸಂಪನ್ಮೂಲ ವ್ಯಕ್ತಿಗಳಿಂದ ಬರುತ್ತವೆ. ಶಾಲೆಗೆ ಮರಳಿದ ಮೇಲೆ ಮೂರಕ್ಕೂ ಬೇರೆ ಬೇರೆ ಕಡತ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇವು ಒಂದೇ ಕೆಲಸವಾಗಿ ಕಾಣುತ್ತವೆ. ಉಳಿದವರಿಗೆ ಬೇಕಾದ ಏನೋ ಒಂದು ಪ್ರತಿ ಮಗುವಿನ ಕೈಯಲ್ಲೂ ಇರಬೇಕು, ಅದನ್ನು ಆ ಮಗು ಬಾಯಿಬಿಟ್ಟು ಹೇಳಬೇಕು. ಗುಂಪು ಅದಕ್ಕೆ ಜಾಗ ಮಾಡಿಕೊಡುತ್ತದೆ, ಮೊಬೈಲ್ ನೆರವಾಗುತ್ತದೆ, ಹತ್ತನೆಯ ನಂತರದ ದಾರಿ ಅದರಿಂದಲೇ ತೆರೆಯುತ್ತದೆ.

ಈ ಕೆಲಸವನ್ನು ಒಂಬತ್ತನೇ ತರಗತಿಯಲ್ಲಿ, ದಸರಾ ರಜೆ ಮುಗಿದ ಮೇಲೆ ಆರಂಭಿಸಿ ಜನವರಿ ಕೊನೆಗೆ ಮುಗಿಸುವಂತೆ ಹೇಳುತ್ತಿದ್ದೇನೆ. ಹತ್ತನೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಸಂಜೆಯ ವಿಶೇಷ ತರಗತಿಗಳ ನಡುವೆ ಇದಕ್ಕೆ ಉಸಿರು ಸಿಗುವುದಿಲ್ಲ. ಎಂಟನೆಯಲ್ಲಿ ಮಕ್ಕಳು ಹೊಸ ಶಾಲೆಗೆ, ಹೊಸ ಮುಖಗಳಿಗೆ ಇನ್ನೂ ಹೊಂದಿಕೊಳ್ಳುತ್ತಿರುತ್ತಾರೆ. ಇನ್ನೊಂದು ಅನುಕೂಲವೂ ಇದೆ: ಡಿಸೆಂಬರ್-ಜನವರಿಯಲ್ಲಿ ನಮ್ಮ ಕಡೆ ತೊಗರಿ ರಾಶಿ ನಡೆಯುತ್ತದೆ. ಅದು ಯಾಕೆ ಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ಹಂತ 1: ಗುಂಪು ಮಾಡುವ ಮೊದಲು ತರಗತಿಯನ್ನು ಓದಿಕೊಳ್ಳಿ

ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ. ಪಠ್ಯದ ಒಂದು ಪುಟವನ್ನು ತಡವರಿಸದೆ ಓದುತ್ತಾರೋ ಇಲ್ಲವೋ, ಮನೆಯಲ್ಲಿ ಯಾವ ಭಾಷೆ, ವರ್ಷದಲ್ಲಿ ಯಾವ ತಿಂಗಳು ಶಾಲೆಗೆ ಬರುವುದು ಕಡಿಮೆ. ನಮ್ಮ ಭಾಗದ ತರಗತಿಯಲ್ಲಿ ಕನ್ನಡದ ಜೊತೆ ಲಂಬಾಣಿ, ದಖನಿ ಉರ್ದು ಮಾತಾಡುವ ಮಕ್ಕಳಿರುತ್ತಾರೆ. ಗುರುಮಠಕಲ್ ಕಡೆ ತೆಲುಗು, ಬಸವಕಲ್ಯಾಣದ ಕಡೆ ಮರಾಠಿ ಸೇರಿಕೊಳ್ಳುತ್ತದೆ. ಮೂರನೆಯ ವಿಷಯ ನೇರವಾಗಿ ಗುಳೆಗೆ ಸಂಬಂಧಿಸಿದ್ದು. ಅಪ್ಪ ಅಮ್ಮ ಮುಂಬೈಗೋ ಪುಣೆಗೋ ಬೆಂಗಳೂರಿಗೋ ಹೋದಾಗ ಮಗುವೂ ಹೋಗುತ್ತದೆಯೇ ಅಥವಾ ಅಜ್ಜಿಯ ಹತ್ತಿರ ಉಳಿಯುತ್ತದೆಯೇ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು.

ಗುಂಪಿಗೆ ನಾಲ್ವರು. ಐದು ಅಥವಾ ಆರು ಜನರಾದರೆ ಒಬ್ಬರು ನೋಡುತ್ತ ಕೂರುವುದು ಖಚಿತ. ನಾಲ್ವರನ್ನು ಇಬ್ಬಿಬ್ಬರ ಜೋಡಿಯಾಗಿಯೂ ಒಡೆಯಬಹುದು, ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕುಳಿತರೆ ಗುಂಪು ಸಿದ್ಧ. ಬೆಂಚು ಎಳೆದಾಡುವ ಸದ್ದೂ ಇಲ್ಲ, ಪಕ್ಕದ ತರಗತಿಗೆ ತೊಂದರೆಯೂ ಇಲ್ಲ.

ಗುಂಪನ್ನು ನೀವೇ ಮಾಡಿ. "ನಿಮಗೆ ಬೇಕಾದವರ ಜೊತೆ ಕೂಡ್ರಿ" ಅಂದರೆ ಊರಿನ ಓಣಿಗಳು ಹಾಗೇ ತರಗತಿಯೊಳಗೆ ಬಂದು ಕುಳಿತುಬಿಡುತ್ತವೆ. ಯಾರ ಮನೆ ಯಾವ ಓಣಿಯಲ್ಲಿದೆ, ಯಾರು ಯಾರ ನೀರಿನ ಬಾಟಲಿ ಮುಟ್ಟುವುದಿಲ್ಲ ಎಂಬುದನ್ನು ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಶಾಲೆಯಲ್ಲಿ ಆ ಗೆರೆ ಇರಕೂಡದು ಎಂಬುದು ನನ್ನ ಗಟ್ಟಿ ನಿಲುವು. ಆದರೆ ಗೆರೆ ಅಳಿಸುವ ಭಾರವನ್ನು ಒಂದೇ ಮಗುವಿನ ಮೇಲೆ ಹೊರಿಸಬೇಡಿ. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿ, ಕನ್ನಡದ ಮೂವರ ನಡುವೆ ಲಂಬಾಣಿ ತಾಂಡಾದ ಒಂದೇ ಮಗು, ಹೀಗೆ ಮಾಡಿದರೆ ಆ ಮಗು ಮೊದಲ ವಾರದಲ್ಲೇ ಮೌನವಾಗುತ್ತದೆ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ತಾಂಡಾದ ಇಬ್ಬರು, ಊರಿನ ಇಬ್ಬರು. ಜೊತೆಗೊಬ್ಬರು ತನ್ನವರಿದ್ದರೆ ಬಾಯಿ ತೆರೆಯಲು ಧೈರ್ಯ ಬರುತ್ತದೆ. ತಡವರಿಸಿ ಓದುವ ಮಗುವಿನ ಪಕ್ಕದಲ್ಲಿ ಚೆನ್ನಾಗಿ ಓದುವ ಮಗು ಇರಲಿ, ಆದರೆ ಅದು ತಾಳ್ಮೆಯ ಮಗುವಾಗಿರಲಿ. ತರಗತಿಗೆ ಮೊದಲಿಗರಾದವರೆಲ್ಲ ಹೇಳಿಕೊಡಬಲ್ಲವರಲ್ಲ.

ಮಾಡಿದ ಗುಂಪನ್ನು ಎರಡು ತಿಂಗಳಾದರೂ ಬದಲಿಸಬೇಡಿ. ವಾರ ವಾರಕ್ಕೂ ಬದಲಿಸುತ್ತಿದ್ದರೆ ಒಬ್ಬರಿಗೊಬ್ಬರು ಒಗ್ಗುವ ಮೊದಲೇ ಎದ್ದು ಹೋಗಬೇಕಾಗುತ್ತದೆ.

ಹಂತ 2: ಮೊದಲು ಜೋಡಿ ಮಾತು

ಗುಂಪು ಎಂಬುದು ನಮ್ಮ ಮಕ್ಕಳಿಗೆ ಹೊಸದಲ್ಲ. ಸರ್ಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಯಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ಅವರು ನೆಲದ ಮೇಲೆ ಸುತ್ತ ಕುಳಿತೇ ಕಲಿತವರು. ಶಿಕ್ಷಕರ ನೆರವಿನ ಗುಂಪು, ಸಹಪಾಠಿಗಳ ನೆರವಿನ ಗುಂಪು, ತಾನೇ ಕಲಿಯುವ ಗುಂಪು ಎಂದು ಗುಂಪಿನಿಂದ ಗುಂಪಿಗೆ ದಾಟಿದವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿ ಮುಂದೆ ಇಡೀ ರಾಜ್ಯಕ್ಕೆ ಹರಡಿತು. ಆದರೆ ನಾಲ್ಕನೆಯಿಂದ ಬೆಂಚು, ಸಾಲು, ಕಪ್ಪು ಹಲಗೆ. ಒಂಬತ್ತನೆಗೆ ಬರುವಷ್ಟರಲ್ಲಿ ಪಕ್ಕದವರ ಜೊತೆ ಮಾತಾಡುವುದೆಂದರೆ ಬೈಸಿಕೊಳ್ಳುವುದು ಎಂಬುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ. ಅದನ್ನು ಬಿಡಿಸಬೇಕು.

ಅದಕ್ಕೆ ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ಬರೆದಿಟ್ಟ ಒಂದು ಸರಳ ಕ್ರಮ ಸಾಕು. ಪ್ರಶ್ನೆ ಕೇಳಿ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಎರಡು ನಿಮಿಷ ಪಕ್ಕದವರಿಗೆ ಹೇಳಲಿ. ಆಮೇಲೆ ತರಗತಿಗೆ ಹೇಳಲಿ. ಇದಕ್ಕೆ ನಾನು ಒಂದು ನಿಯಮ ಸೇರಿಸುತ್ತೇನೆ: ಎದ್ದು ನಿಂತವರು ತಮ್ಮ ಉತ್ತರ ಹೇಳಬಾರದು, ಪಕ್ಕದವರ ಉತ್ತರ ಹೇಳಬೇಕು. ಆಗ ಕಿವಿಗೊಡದೆ ದಾರಿಯಿಲ್ಲ. "ಸರ್, ಅಕಿ ಏನೂ ಹೇಳಂಗೇ ಇಲ್ರೀ" ಎಂದು ದೂರು ಬಂದರೆ, "ಹಂಗಾದ್ರ ನೀ ಇನ್ನೊಮ್ಮೆ ಕೇಳು, ನಾ ಕಾಯ್ತೀನಿ" ಎಂದು ನಿಂತುಬಿಡಿ. ಆ ಕಾಯುವಿಕೆ ಬಹಳ ಮುಖ್ಯ. ಮಾತಾಡದ ಮಗುವಿನ ಬದಲು ನಾವೇ ಉತ್ತರ ಹೇಳಿ ಮುಂದೆ ಹೋದರೆ, ಸುಮ್ಮನಿದ್ದರೆ ನಡೆಯುತ್ತದೆ ಎಂದು ಅದು ಕಲಿಯುತ್ತದೆ.

ಮನೆಮಾತಿನಲ್ಲಿ ಮಾತಾಡಲು ಬಿಡಿ. ತಾಂಡಾದ ಇಬ್ಬರು ಲಂಬಾಣಿಯಲ್ಲಿ ಚರ್ಚಿಸಿ ಕನ್ನಡದಲ್ಲಿ ಉತ್ತರಿಸಿದರೆ ಅದರಲ್ಲಿ ಕಲಿಕೆ ಇಮ್ಮಡಿಯಾಗಿದೆ.

ಹಂತ 3: ಪಾಠವನ್ನು ನಾಲ್ಕು ತುಂಡು ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ನೀವು ಒಂದನ್ನೇ ಮಾಡುವುದಾದರೆ ಈ ಹಂತವನ್ನು ಮಾಡಿ. ಇದನ್ನು ರೂಪಿಸಿದವರು ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ, 1971ರಲ್ಲಿ, ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ. ಅಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಅದೇ ತಾನೇ ಒಂದೇ ಶಾಲೆಯಲ್ಲಿ ಕೂರಲು ಆರಂಭಿಸಿದ್ದರು, ಜಗಳ ಹೊಡೆದಾಟ ನಡೆದಿತ್ತು. ಆರನ್ಸನ್ ಉಪದೇಶ ಮಾಡಲಿಲ್ಲ. ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ತಾನು ದೂರ ಮಾಡಿದ ಹುಡುಗನ ಬಾಯಿಂದ ಕೇಳದೆ ಯಾರಿಗೂ ಪೂರ್ತಿ ಪಾಠ ಸಿಗುವಂತಿರಲಿಲ್ಲ. ನಮ್ಮ ತರಗತಿಗೆ ಇದಕ್ಕಿಂತ ಹೊಂದುವ ಪದ್ಧತಿಯನ್ನು ನಾನು ಕಂಡಿಲ್ಲ.

ನಾನು ಮೊದಲ ಬಾರಿಗೆ ಮಾಡಿಸುವ ಪಾಠ ಬಿದರಿ ಕಲೆ. ನಮ್ಮ ಭಾಗದ ಬೀದರಿನ ಕಸುಬು, 2006ರಲ್ಲಿ ಆ ಊರಿನದೇ ವಿಶಿಷ್ಟ ವಸ್ತುವೆಂದು ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಪಡೆದದ್ದು, ಒಳಗೆ ಬೇಕಾದಷ್ಟು ರಸಾಯನಶಾಸ್ತ್ರವಿರುವುದು. ನಾಲ್ಕು ಚೀಟಿ ಬರೆಯುತ್ತೇನೆ, ಒಂದೊಂದರಲ್ಲಿ ಹತ್ತು ಸಾಲಿಗಿಂತ ಹೆಚ್ಚಿಲ್ಲ.

ಮೊದಲ ಚೀಟಿಯಲ್ಲಿ ಲೋಹ: ಬಹುಪಾಲು ಸತು, ಸ್ವಲ್ಪವೇ ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯುವುದು. ಎರಡನೆಯದರಲ್ಲಿ ನಕ್ಷೆ: ಎರಕದ ಮೈಯನ್ನು ಅರದಿಂದ ತಿಕ್ಕಿ ನಯಗೊಳಿಸಿ, ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುವುದು, ಆ ಕಪ್ಪಿನ ಮೇಲೆ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುವುದು. ಮೂರನೆಯದರಲ್ಲಿ ಬೆಳ್ಳಿ: ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು, ತಗಡನ್ನು ಬಡಿದು ಕೂರಿಸಿ ಮತ್ತೆ ತಿಕ್ಕುವುದು. ನಾಲ್ಕನೆಯದರಲ್ಲಿ ಬಣ್ಣ: ಬೀದರ್ ಕೋಟೆಯ ಒಳಗಿನ ಹಳೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಮೈ ಕಡುಗಪ್ಪಾಗುವುದು, ಬೆಳ್ಳಿ ಮಾತ್ರ ಬಣ್ಣಗೆಡದೆ ಹೊಳೆಯುವುದು, ಕೊನೆಗೆ ಎಣ್ಣೆ ಹಚ್ಚಿ ಒರೆಸುವುದು.

ಈಗ ಎಲ್ಲ ಗುಂಪಿನ ಒಂದನೇ ಚೀಟಿಯವರು ಒಂದು ಮೂಲೆಗೆ, ಎರಡನೆಯವರು ಇನ್ನೊಂದು ಮೂಲೆಗೆ. ಹತ್ತು ನಿಮಿಷ ಅವರು ತಮ್ಮ ತುಂಡನ್ನು ಓದಿ, ಒಬ್ಬರಿಗೊಬ್ಬರು ಹೇಳಿ, ಗುಂಪಿಗೆ ಹೇಗೆ ವಿವರಿಸಬೇಕೆಂದು ತೀರ್ಮಾನಿಸುತ್ತಾರೆ. ಈ ಹತ್ತು ನಿಮಿಷವನ್ನು ಬಿಟ್ಟುಬಿಡುವ ಶಿಕ್ಷಕರಿದ್ದಾರೆ. ಹಾಗೆ ಮಾಡಿದರೆ ಓದಲು ಕಷ್ಟಪಡುವ ಮಗು ಬರಿಗೈಯಲ್ಲಿ ಗುಂಪಿಗೆ ಹೋಗಿ ತಲೆತಗ್ಗಿಸಬೇಕಾಗುತ್ತದೆ. ಮೂಲೆಯಲ್ಲಿ ತನ್ನದೇ ಚೀಟಿಯ ಉಳಿದವರಿಂದ ಕೇಳಿಕೊಂಡು ಹೋದ ಮಗು ಗುಂಪಿನಲ್ಲಿ ಧೈರ್ಯವಾಗಿ ಹೇಳುತ್ತದೆ.

ನಂತರ ತಮ್ಮ ಗುಂಪಿಗೆ ಮರಳಿ, ಚೀಟಿ ನೋಡದೆ, ಒಬ್ಬೊಬ್ಬರು ಮೂರು ನಿಮಿಷ ಹೇಳಬೇಕು. ಕೊನೆಗೆ ನಾನು ಕೇಳುವ ಪ್ರಶ್ನೆ: "ಕೋಟೆಯ ಮಣ್ಣಿನ ನೀರಿನಲ್ಲಿ ಅದ್ದಿದ ಮೇಲೆ ಬಟ್ಟಲಿನ ಎಲ್ಲಿ ಕಪ್ಪು, ಎಲ್ಲಿ ಬಿಳುಪು, ಯಾಕೆ?" ಯಾವ ಒಂದು ಚೀಟಿಯಿಂದಲೂ ಇದಕ್ಕೆ ಪೂರ್ತಿ ಉತ್ತರ ಬರುವುದಿಲ್ಲ. ಮೈ ಸತುವಿನದು ಎಂದು ಮೊದಲನೆಯವರು ಹೇಳಬೇಕು, ಗೆರೆಯಲ್ಲಿ ಬೆಳ್ಳಿ ಕೂತಿದೆ ಎಂದು ಮೂರನೆಯವರು, ಆ ದ್ರಾವಣ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂದು ನಾಲ್ಕನೆಯವರು. ಎರಡು ಸಲ ಕಪ್ಪು ಮಾಡುವುದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಎರಡನೆಯ ಚೀಟಿಯ ಮಗುವೇ ಬೇಕು.

ಅಂಕದ ವಿಷಯ. ಇಡೀ ಗುಂಪಿಗೆ ಒಂದೇ ಅಂಕ ಕೊಡಬೇಡಿ, ಅದು ದುಡಿದವರಿಗೆ ಅನ್ಯಾಯ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಅಂಕವನ್ನು ಒಬ್ಬೊಬ್ಬರು ಬರೆದ ಐದು ಸಾಲಿನ ಮೇಲೆ ಹಾಕಿ. ಆ ಐದು ಸಾಲು ತಮ್ಮ ಚೀಟಿಯದಲ್ಲ, ಬೇರೆಯವರ ಚೀಟಿಯದಾಗಿರಬೇಕು. ಗುಂಪಿಗೆ ನಾಯಕರನ್ನೂ ನೇಮಿಸಬೇಡಿ. ನಾಯಕ ಅಂದ ಕೂಡಲೇ ಒಬ್ಬ ಮಾತಾಡುತ್ತಾನೆ, ಮೂವರು ತಲೆಯಾಡಿಸುತ್ತಾರೆ.

ಗದ್ದಲ ಆಗುತ್ತದೆ. ನೀವು ಕೈ ಎತ್ತಿದರೆ ನೋಡಿದವರೂ ಕೈ ಎತ್ತಿ ಸುಮ್ಮನಾಗಬೇಕು ಎಂಬ ಒಂದು ರೂಢಿ ಮಾಡಿಸಿ, ಮುಖ್ಯಗುರುಗಳನ್ನು ಒಮ್ಮೆ ತರಗತಿಗೆ ಕರೆದು ಯಾವುದಾದರೊಂದು ಗುಂಪಿನ ಜೊತೆ ಕೂರಿಸಿ. ಹೊರಗಿನಿಂದ ಕೇಳುವ ಸದ್ದಿನ ಅರ್ಥ ಒಳಗೆ ಕುಳಿತಾಗ ತಿಳಿಯುತ್ತದೆ.

ಹಂತ 4: ಇರುವ ಒಂದು ಪರದೆ, ಒಂದು ಮೊಬೈಲ್

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ಮನೆಯಲ್ಲಿ ಮೊಬೈಲ್ ಬೇಕಾಗುವ ಯಾವ ಮನೆಗೆಲಸವನ್ನೂ ಕೊಡಬಾರದು. ನಮ್ಮ ಹಳ್ಳಿಗಳಲ್ಲಿ ಮನೆಯ ಮೊಬೈಲ್ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಸಂಜೆ ಬಂದ ಮೇಲೆ ಅಣ್ಣನ ಕೈಗೆ, ಕಟ್ಟಕಡೆಗೆ, ಚಾರ್ಜು ಮುಗಿದ ಮೇಲೆ, ಹುಡುಗಿಯ ಕೈಗೆ. ಮೊಬೈಲ್ ಬೇಡುವ ಮನೆಗೆಲಸ ಕೊಟ್ಟರೆ ಮೊದಲು ಹಿಂದೆ ಬೀಳುವವಳು ಅವಳೇ.

ಶಾಲೆಯಲ್ಲಿ ಇಂಟರ್ನೆಟ್ಟನ್ನು ನಂಬಿ ಪಾಠ ಯೋಜಿಸಬೇಡಿ. ಬೇಕಾದುದನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ಸರ್ಕಾರದ ಕಲಿಕಾ ವೇದಿಕೆ ದೀಕ್ಷಾದ ವಿಡಿಯೊಗಳನ್ನು ಆ್ಯಪ್‌ನಲ್ಲೇ ಉಳಿಸಿಕೊಳ್ಳಬಹುದು. ಕರೆಂಟ್ ಹೋದರೆ ಅಂದಿನ ಪಾಠ ಚೀಟಿಯ ಮೇಲೂ ನಡೆಯುವಂತಿರಬೇಕು.

ವಿಜ್ಞಾನ ಮತ್ತು ಗಣಿತದವರಿಗೆ ಎರಡು ಸಾಧನಗಳನ್ನು ಧೈರ್ಯವಾಗಿ ಸೂಚಿಸುತ್ತೇನೆ. ಗಣಿತಕ್ಕೆ ಆಕೃತಿ, ನಕ್ಷೆಗಳನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಜಿಯೋಜೀಬ್ರಾ. ವಿಜ್ಞಾನಕ್ಕೆ ಫೆಟ್, ಅಂದರೆ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗ ಮಾದರಿಗಳು. ಎರಡೂ ಉಚಿತ. ಫೆಟ್‌ನ ಒಂದೊಂದು ಮಾದರಿಯೂ ಒಂದು ಕಡತವಾಗಿ ಇಳಿಯುತ್ತದೆ, ಪೆನ್‌ಡ್ರೈವ್‌ನಲ್ಲಿ ತಂದು ಕ್ರೋಮ್‌ನಲ್ಲಿ ತೆರೆದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಪರದೆಯನ್ನು ಬಳಸುವಾಗ ಒಂದು ಕ್ರಮ ತಪ್ಪಬಾರದು: ಮೊದಲು ಊಹೆ, ಆಮೇಲೆ ಚಿತ್ರ. ಬಲ ಮತ್ತು ಚಲನೆಯ ಪಾಠಕ್ಕೆ ಫೆಟ್‌ನಲ್ಲಿ ಹಗ್ಗಜಗ್ಗಾಟದ ಮಾದರಿ ಇದೆ. ನಡುವೆ ಒಂದು ಗಾಡಿ, ಎರಡೂ ಕಡೆ ಎಳೆಯುವವರು. ಒಂದು ಕಡೆ ಹೆಚ್ಚು ಬಲ ಹಾಕಿ ಗಾಡಿ ಚಲಿಸುವಂತೆ ಮಾಡಿ. ಚಲಿಸುತ್ತಿರುವಾಗಲೇ ತಡೆದು ನಿಲ್ಲಿಸಿ, "ಈಗ ಎರಡೂ ಕಡೆ ಬಲ ಸಮ ಮಾಡ್ತೀನಿ. ಗಾಡಿ ಏನಾಗ್ತದ?" ಎಂದು ಕೇಳಿ. ಪ್ರತಿ ಗುಂಪೂ ಊಹೆಯನ್ನು, ಅದಕ್ಕೆ ಕಾರಣವನ್ನು ಹಾಳೆಯ ಮೇಲೆ ಬರೆಯಬೇಕು. "ನಿಂತೇ ಬಿಡ್ತದ್ರೀ ಸರ್" ಎನ್ನುವವರೇ ಹೆಚ್ಚು. ಬಲ ಸಮ ಮಾಡಿ ಬಿಟ್ಟಾಗ ಗಾಡಿ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಸಾಗುತ್ತದೆ. ತರಗತಿಯಲ್ಲಿ ಆಗ ಏಳುವ ವಾಗ್ವಾದದಲ್ಲಿ ನ್ಯೂಟನ್ನನ ಮೊದಲ ನಿಯಮವನ್ನು ಮಕ್ಕಳೇ ಎಳೆದು ತರುತ್ತಾರೆ. ಊಹೆ ಬರೆಸದೆ ಅದೇ ಚಿತ್ರ ತೋರಿಸಿದ್ದರೆ ಎಲ್ಲರೂ ನೋಡಿ, ಹೌದು ಎಂದು ಸುಮ್ಮನಾಗುತ್ತಿದ್ದರು.

ಮೊಬೈಲ್‌ನ ಕನ್ನಡ ಧ್ವನಿ ಟೈಪಿಂಗ್ ಕೂಡ ಒಳ್ಳೆಯ ಗುಂಪು ಕೆಲಸ. ಒಬ್ಬರು ಮಾತಾಡಬೇಕು, ಪರದೆಯ ಮೇಲೆ ಬಂದ ಬರಹವನ್ನು ಉಳಿದವರು ತಿದ್ದಬೇಕು. ನಮ್ಮ ಕಡೆಯ ಮಾತನ್ನು ಯಂತ್ರ ಹಲವು ಕಡೆ ತಪ್ಪು ಹಿಡಿಯುತ್ತದೆ. ತಿದ್ದುವಾಗ ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಕಣ್ಣಿಗೆ ಬೀಳುತ್ತವೆ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಎಐ ಆ್ಯಪ್‌ಗಳನ್ನೂ ಮಕ್ಕಳು ಆಗಲೇ ಕಂಡಿದ್ದಾರೆ. ತೊಗರಿ ಬಿತ್ತನೆಯ ಬಗ್ಗೆ ಅದು ಕೊಟ್ಟ ಉತ್ತರವನ್ನು ಬರೆದುಕೊಂಡು, ಸಂಜೆ ಊರಿನ ಒಬ್ಬ ರೈತರ ಮುಂದೆ ಓದಿ, ಅವರು ಒಪ್ಪಿದ್ದು, ಒಪ್ಪದ್ದು ಗುರುತು ಹಾಕಿಕೊಂಡು ಬರಲಿ.

ಹಂತ 5: ತೊಗರಿಯ ದಾರಿಯಲ್ಲಿ ಯಾರ್ಯಾರು ದುಡಿಯುತ್ತಾರೆ

ವೃತ್ತಿ ಮಾರ್ಗದರ್ಶನವೆಂದರೆ ಗೋಡೆಗೆ ಒಂದು ಚಾರ್ಟ್ ಅಂಟಿಸುವುದು ಎಂದಾಗಿದೆ. "ದೊಡ್ಡವಳಾದ ಮ್ಯಾಲ ಏನಾಗ್ತಿ?" ಎಂದರೆ ಡಾಕ್ಟರ್, ಟೀಚರ್, ಪೊಲೀಸ್, ಮಿಲಿಟರಿ ಎಂಬ ನಾಲ್ಕು ಉತ್ತರ ಬರುತ್ತವೆ, ಯಾಕೆಂದರೆ ಮಕ್ಕಳು ಕಣ್ಣಾರೆ ಕಂಡ ಸಂಬಳದ ಕೆಲಸಗಳು ಅಷ್ಟೇ. ಹಾಗಾಗಿ ಚಾರ್ಟಿಗಿಂತ ಮೊದಲು ಕೆಲಸಗಳನ್ನು ಹತ್ತಿರದಿಂದ ತೋರಿಸಬೇಕು.

ನಮ್ಮ ಭಾಗಕ್ಕೆ ತೊಗರಿಗಿಂತ ಒಳ್ಳೆಯ ಎಳೆ ಇಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಜೂನ್-ಜುಲೈಯಲ್ಲಿ ಬಿತ್ತಿದ ಬೆಳೆ ಡಿಸೆಂಬರ್‌ನಿಂದ ರಾಶಿಯಾಗಿ ಕೃಷಿ ಮಾರುಕಟ್ಟೆಯಾದ ಗಂಜ್‌ಗೆ ಬರುತ್ತದೆ, ಅಲ್ಲಿಂದ ದಾಲ್ ಮಿಲ್‌ಗೆ. ಮಿಲ್‌ನಲ್ಲಿ ಕಾಳು ಹಸನಾಗಿ, ರೋಲರ್‌ನಲ್ಲಿ ಗೀರು ಬಿದ್ದು, ಎಣ್ಣೆ ಹಚ್ಚಿಸಿಕೊಂಡು, ಒಣಗಿ, ಸಿಪ್ಪೆ ಬಿಟ್ಟು ಬೇಳೆಯಾಗುತ್ತದೆ. ಈ ದಾರಿಯುದ್ದಕ್ಕೂ ನಿಂತವರನ್ನು ಬೋರ್ಡಿನ ಮೇಲೆ ಬರೆಸಿ: ರೈತರು, ಕಳೆ ಕೀಳುವ ಹೆಣ್ಣುಮಕ್ಕಳು, ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ, ರಾಶಿ ಮಿಷಿನ್ ನಡೆಸುವವರು, ಹಮಾಲರು, ಅಡತ್ (ದಲಾಲಿ) ಅಂಗಡಿಯ ಲೆಕ್ಕ ಬರೆಯುವವರು, ಮಿಲ್‌ನ ಫಿಟ್ಟರ್, ಎಲೆಕ್ಟ್ರಿಷಿಯನ್, ಲಾರಿ ಡ್ರೈವರ್, ಬ್ಯಾಂಕಿನವರು. ಪ್ರತಿ ಗುಂಪೂ ಒಂದು ಕೊಂಡಿಯನ್ನು ಆರಿಸಿಕೊಂಡು ಅಲ್ಲಿ ದುಡಿಯುವ ಇಬ್ಬರನ್ನು ಮಾತಾಡಿಸಬೇಕು. ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಾಗಿರಬೇಕು ಎಂಬ ಷರತ್ತು ಹಾಕಿ. ಅದಕ್ಕಾಗಿ ಮಕ್ಕಳು ಸ್ವಲ್ಪ ಹುಡುಕಬೇಕಾಗುತ್ತದೆ, ಆ ಹುಡುಕಾಟವೇ ಅವರಿಗೆ ಬಹಳಷ್ಟು ಕಲಿಸುತ್ತದೆ.

ಹೋಗುವ ಮೊದಲು ನೀವೇ ಮಿಲ್‌ಗೆ, ಗಂಜ್‌ಗೆ ಹೋಗಿ ಅನುಮತಿ ಕೇಳಿ. ಪಾಲಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಬೆಲ್ಟ್ ಓಡುವ ಯಂತ್ರದ ಹತ್ತಿರ ಯಾರೂ ಹೋಗಕೂಡದು, ಮಾತುಕತೆ ಹೊರಗಿನ ಕಟ್ಟೆಯ ಮೇಲೆ ನಡೆಯಲಿ. ಮಾತನ್ನು ಧ್ವನಿಮುದ್ರಣ ಮಾಡುವುದಾದರೆ ಶಿಕ್ಷಕರ ಮೊಬೈಲ್‌ನಲ್ಲಿ, ಅದೂ ಕೇಳಿ ಒಪ್ಪಿದ ಮೇಲೆ. ಹುಡುಗಿಯರ ಫೋಟೊ ಯಾವ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಹೋಗಬಾರದು. ಒಂದೇ ಒಂದು ಫೋಟೊದಿಂದ ಮನೆಯವರು ಮಗಳನ್ನು ಶಾಲೆ ಬಿಡಿಸಬಹುದು.

ಪ್ರಶ್ನೆಗಳನ್ನು ಮಕ್ಕಳೇ ಬರೆಯಲಿ, ಆದರೆ ಇವಿಷ್ಟು ಬಿಡದಂತೆ ನೋಡಿಕೊಳ್ಳಿ: ಎಲ್ಲಿಯವರೆಗೆ ಓದಿದಿರಿ, ಈ ಕೆಲಸವನ್ನು ಯಾರಿಂದ ಕಲಿತಿರಿ, ಹೊಸದಾಗಿ ಸೇರಿದವರಿಗೆ ತಿಂಗಳಿಗೆ ಎಷ್ಟು ಸಿಗುತ್ತದೆ, ಇದರಲ್ಲಿ ಮೈಗೆ ಕಷ್ಟ ಯಾವುದು, ಇನ್ನೇನು ಗೊತ್ತಿದ್ದರೆ ಮೇಲಿನ ಕೆಲಸ ಸಿಗುತ್ತಿತ್ತು. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಚಿನ್ನ. ಮಿಲ್‌ನಲ್ಲಿ ಕೈಯಿಂದಲೇ ಕಲಿತ ಎಲೆಕ್ಟ್ರಿಷಿಯನ್ "ಕಾಗದ ಇಲ್ಲ ಅಂತ ದೊಡ್ಡ ಫ್ಯಾಕ್ಟರಿಯಾಗ ತೊಗೊಳ್ಳಂಗಿಲ್ಲ" ಎಂದು ಮಕ್ಕಳ ಮುಂದೆ ಹೇಳಿದರೆ, ಐಟಿಐ ಯಾಕೆ ಬೇಕು ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಗುಳೆ ಹೋಗಿ ಬಂದ ಮಕ್ಕಳ ಸರದಿ ಇಲ್ಲಿ ಬರುತ್ತದೆ. ಪಾಠ ತಪ್ಪಿಸಿಕೊಂಡವರು ಎಂದೇ ಅವರನ್ನು ನೋಡುತ್ತೇವೆ. ಆದರೆ ಸೆಂಟ್ರಿಂಗ್, ಬಾರ್ ಬೆಂಡಿಂಗ್, ಟೈಲ್ಸ್, ಗ್ರಾನೈಟ್ ಕೆಲಸ, ದಿನಗೂಲಿಗೂ ಗುತ್ತಿಗೆಗೂ ಇರುವ ವ್ಯತ್ಯಾಸ, ಸೈಟ್ ಎಂಜಿನಿಯರ್ ಏನು ಮಾಡುತ್ತಾರೆ, ಸೂಪರ್‌ವೈಸರ್ ಆಗಲು ಏನು ಓದಿರಬೇಕು, ಇದನ್ನೆಲ್ಲ ತರಗತಿಯಲ್ಲಿ ಅವರಷ್ಟು ಬಲ್ಲವರಿಲ್ಲ. ಅಂಥ ಮಗು ಇರುವ ಗುಂಪಿಗೆ ಕಟ್ಟಡ ಕೆಲಸವನ್ನೇ ಕೊಂಡಿಯಾಗಿ ಕೊಡಿ. ಬಿಡುವಿನಲ್ಲಿ ಶಾಲೆಯಿಂದಲೇ ಅವರ ತಂದೆಗೆ ಫೋನು ಹಚ್ಚಿ ಮಾತಾಡಿಸಲಿ. ಅಂದು ಆ ಮಗುವಿನ ಕೈಯಲ್ಲಿ ಬೇರೆ ಯಾರ ಕೈಯಲ್ಲೂ ಇಲ್ಲದ ತುಂಡು ಇರುತ್ತದೆ.

ಹಂತ 6: ಹತ್ತನೆಯ ನಂತರದ ಬಾಗಿಲುಗಳು

ಗುಂಪುಗಳು ತಂದ ಮಾತುಗಳನ್ನು ಇಟ್ಟುಕೊಂಡು ಈಗ ಗೋಡೆಯ ಚಾರ್ಟ್ ಮಾಡಿಸಿ. ಕೆಲಸದ ಹೆಸರಿನಿಂದ ಹಿಂದಕ್ಕೆ ನಡೆದು, ಅದಕ್ಕೆ ಯಾವ ಓದು, ಆ ಓದಿಗೆ ಯಾವ ಬಾಗಿಲು ಎಂದು ಗೆರೆ ಎಳೆಯಲಿ.

ಫಿಟ್ಟರ್, ಎಲೆಕ್ಟ್ರಿಷಿಯನ್ ಆಗಲು ಐಟಿಐನಲ್ಲಿ 2 ವರ್ಷ, ವೆಲ್ಡರ್‌ಗೆ 1 ವರ್ಷ. ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕಲಿಯಬಹುದು. ವಾಡಿ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶ ಕಣ್ಣಳತೆಯಲ್ಲೇ ಇವೆ. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಅದು ಮುಗಿದ ಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಬಾಗಿಲಿದೆ. ಐಟಿಐಗೆ ಹೋದರೆ ಓದು ಮುಗಿದಂತೆ ಎಂಬ ಮಾತು ಸುಳ್ಳು ಎಂದು ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಪಿಯುಸಿಯ ಮೂರು ವಿಭಾಗ ಎಲ್ಲರಿಗೂ ಗೊತ್ತು. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಹೋಗುವವರು ಮಾತ್ರ ಹತ್ತನೆಯಲ್ಲೇ ಪಾಠದ ಮುಖ್ಯ ಪದಗಳನ್ನು ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಬೇಕು. ಪಿಯುನಲ್ಲಿ ಮೊದಲ ಮೂರು ತಿಂಗಳು ಅವರನ್ನು ಎಡವಿಸುವುದು ವಿಷಯವಲ್ಲ, ಆ ಪದಗಳು.

ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇನ್ನೊಂದು ಬಲವಿದೆ, ಸಂವಿಧಾನದ 371(ಜೆ) ವಿಧಿ. ಸಂಸತ್ತು 2012ರಲ್ಲಿ ಅಂಗೀಕರಿಸಿದ ತಿದ್ದುಪಡಿಯಿಂದ ಬಂದದ್ದು. ಇದರಡಿ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85. ಆದರೆ ಹುಟ್ಟಿದ ಊರು ಇಲ್ಲಿದೆ ಎಂದರಷ್ಟೇ ಸಾಲದು, ಉಪವಿಭಾಗಾಧಿಕಾರಿಗಳಾದ ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು. ಕೌನ್ಸೆಲಿಂಗ್ ಹತ್ತಿರ ಬಂದಾಗ ಆ ಕಚೇರಿಯ ಮುಂದೆ ನೂಕುನುಗ್ಗಲು. ಮೊದಲೇ ಮಾಡಿಸಿಟ್ಟ ಮಗು ನಿಶ್ಚಿಂತೆಯಿಂದಿರುತ್ತದೆ.

ದಾಖಲೆಗಳ ಕೆಲಸ ಬೇಸರದ್ದು, ಆದರೂ ಅತ್ಯಂತ ಮುಖ್ಯ. ಹತ್ತನೆಯ ಅಂಕಪಟ್ಟಿಯ ಹೆಸರು ಮತ್ತು ಜನ್ಮದಿನಾಂಕ ಜೀವನಪೂರ್ತಿ ಜೊತೆಗೆ ಬರುತ್ತವೆ. ಒಂಬತ್ತನೆಯಲ್ಲೇ ಪ್ರತಿ ಮಗುವಿನ ದಾಖಲಾತಿ ರಿಜಿಸ್ಟರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಇಲ್ಲಿಯೂ ಗುಂಪೇ ಕೆಲಸಕ್ಕೆ ಬರುತ್ತದೆ: ತಮ್ಮದು ತಮಗೆ ಸರಿಯಾಗಿಯೇ ಕಾಣುತ್ತದೆ, ಪಕ್ಕದವರದ್ದರಲ್ಲಿ ತಪ್ಪು ಬೇಗ ಹೊಳೆಯುತ್ತದೆ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಿಂದ ಹಣ ಬರುವುದಿಲ್ಲ. ಎಂಟನೆಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಒಮ್ಮೆ ಆಯ್ಕೆಯಾದರೆ ಸಾಲದು, ಪ್ರತಿ ವರ್ಷ ನವೀಕರಿಸಬೇಕು.

ಹಂತ 7: ಪಾಲಕರ ಮುಂದೆ

ಜನವರಿ ಕೊನೆಯ ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ ಪಾಲಕರ ಸಭೆ ಇಡಿ. ಅಂದು ಶಿಕ್ಷಕರು ಭಾಷಣ ಮಾಡುವುದು ಬೇಡ. ಪ್ರತಿ ಗುಂಪೂ ತನ್ನ ಕೊಂಡಿಯ ಬಗ್ಗೆ ಹೇಳಲಿ, ನಾಲ್ವರೂ ಒಂದೊಂದು ನಿಮಿಷ. ನಿಮಿಷ ಅಂದರೆ ಸಣ್ಣದಲ್ಲ. ಮೊದಲು ಗುಂಪಿನೊಳಗೆ, ಆಮೇಲೆ ಪಕ್ಕದ ಗುಂಪಿನ ಮುಂದೆ, ಆಮೇಲೆ ಎಂಟನೇ ತರಗತಿಯವರ ಮುಂದೆ ಅಭ್ಯಾಸ ಮಾಡಿಸಿ. ಮುಂದೊಂದು ದಿನ ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದಾಗ ಬೇಕಾಗುವುದು ಇದೇ ಅಭ್ಯಾಸ.

ಆ ಸಭೆಯಲ್ಲಿ ಬರುವ ದೊಡ್ಡ ಪ್ರಶ್ನೆ ಹೆಣ್ಣುಮಕ್ಕಳದು. "ಊರಾಗ ಕಾಲೇಜಿಲ್ಲ, ಒಬ್ಬಾಕಿನ್ನ ಹ್ಯಾಂಗ ಕಳಸೂದ್ರೀ ಸರ್?" ಇದನ್ನು ಅಜ್ಞಾನ ಎಂದು ತಳ್ಳಬೇಡಿ. ಅದು ನಿಜವಾದ ಅಂಜಿಕೆ, ಅದಕ್ಕೆ ನಿಜವಾದ ಉತ್ತರ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಸಂಜೆ ಎಷ್ಟಕ್ಕೆ ಮರಳುತ್ತದೆ ಎಂಬ ವೇಳೆ ಬರೆದುಕೊಂಡು ಹೋಗಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ ಎಲ್ಲಿದೆ, ಅರ್ಜಿ ಯಾವಾಗ ಎಂದು ತಿಳಿದುಕೊಂಡಿರಿ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಒಂದೇ ಮಾತು: "ಒಬ್ಬಾಕಿ ಅಲ್ರೀ, ನಾಲ್ಕು ಮಂದಿ ಕೂಡಿ ಹೋಗ್ತಾರ." ಒಂದೇ ಊರಿನ, ಒಂದೇ ಬಸ್ಸಿನ ಹುಡುಗಿಯರ ಪಟ್ಟಿ ಮಾಡಿ ಅವರ ತಾಯಂದಿರನ್ನು ಅಂದು ಒಟ್ಟಿಗೆ ಕೂರಿಸಿ ಮಾತಾಡಿ. ಒಬ್ಬೊಬ್ಬರ ಮನೆಗೆ ಹೋದಾಗ ಒಪ್ಪದವರು ನಾಲ್ವರು ಕೂಡಿದಾಗ ಒಪ್ಪುತ್ತಾರೆ. ಮದುವೆಯ ಮಾತು ಕಿವಿಗೆ ಬಿದ್ದರೆ ತಡಮಾಡಬೇಡಿ. 18 ತುಂಬದ ಹುಡುಗಿಯ ಮದುವೆ ಅಪರಾಧ, ಮಕ್ಕಳ ಸಹಾಯವಾಣಿ 1098.

ಹಂತ 8: ಹತ್ತನೆಯ ಫಲಿತಾಂಶದ ದಿನಗಳು

ಒಂಬತ್ತನೆಯಲ್ಲಿ ಮಾಡಿದ ಗುಂಪಿನ ಪಟ್ಟಿಯನ್ನು, ಪಾಲಕರ ಎರಡೆರಡು ಫೋನ್ ಸಂಖ್ಯೆಗಳ ಜೊತೆ, ಜೋಪಾನವಾಗಿಡಿ. ಫಲಿತಾಂಶ ಬಂದಾಗ ಬಹುಪಾಲು ಶಾಲೆಗಳಿಗೆ ಬೇಸಿಗೆ ರಜೆ, ಎಷ್ಟೋ ಕುಟುಂಬಗಳು ಊರಲ್ಲೇ ಇರುವುದಿಲ್ಲ. ಅಂದೇ ಒಂದೊಂದು ಗುಂಪಿನ ಒಬ್ಬರಿಗೆ ಫೋನು ಮಾಡಿ, ಉಳಿದ ಮೂವರ ಫಲಿತಾಂಶ ಮತ್ತು ಮುಂದಿನ ಯೋಚನೆ ಕೇಳಿ ತಿಳಿಸುವಂತೆ ಹೇಳಿ. ಅನುತ್ತೀರ್ಣರಾದವರು ಎಲ್ಲಿದ್ದಾರೆ ಎಂಬುದು ಗೆಳೆಯರಿಗೆ ಮೊದಲು ಗೊತ್ತಾಗುತ್ತದೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ, ಆದರೆ ನೋಂದಣಿಗೆ ಸಿಗುವ ದಿನಗಳು ಕಡಿಮೆ. ಮುಂಬೈಯ ಸೈಟಿನಲ್ಲಿರುವ ಹುಡುಗನಿಗೆ ಆ ಸುದ್ದಿ ವಾರ ತಡವಾಗಿ ತಲುಪಿದರೆ ವರ್ಷ ಹೋಯಿತು. ಪಾಸಾದವರಿಗೆ ಐಟಿಐ, ಡಿಪ್ಲೊಮಾ ಅರ್ಜಿಯ ಕೊನೆಯ ದಿನಾಂಕ ತಿಳಿಸಿ, ಮೂಲ ದಾಖಲೆಗಳ ಮೂರು ಮೂರು ನಕಲು ಮಾಡಿಸಿಕೊಳ್ಳಲು ಹೇಳಿ. ಜುಲೈ ಕೊನೆಗೆ ಪಟ್ಟಿಯನ್ನು ಮತ್ತೊಮ್ಮೆ ತೆರೆದು, ಯಾವ ಹೆಸರಿನ ಮುಂದೆ ಇನ್ನೂ ಕಾಲೇಜಿನ ಹೆಸರು ಬಂದಿಲ್ಲವೋ ಅವರ ಮನೆಗೆ ಹೋಗಿ ಬನ್ನಿ.